ಬೆಣ್ಣೆಹಣ್ಣಿನ ಖಾರದ ವ್ಯಂಜನ: ಮೆಕ್ಸಿಕೋ ದೇಶದ ಗ್ವಾಕಮೋಲೆ

ಬೆಣ್ಣೆಹಣ್ಣಿನ ಮರಗಳು ಕೊಡಗು ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ಇತರ ಮರಗಳ ನಡುವೆ ಬೆಳೆಯುತ್ತಿರುವುದು ಸರ್ವವಿದಿತವಾಗಿದೆ. ಮಳೆಗಾಲದಲ್ಲಿ ಹಣ್ಣು ಒಮ್ಮೆಗೇ ಬಲಿಯುವುದರಿಂದ ಪೇಟೆಗೆ ಹೋಗದೆ ಉಳಿದದ್ದು ಮರದಡಿಯಲ್ಲೇ ಕೊಳೆತುಹೋಗುವುದುಂಟು. ಮನೆಗಳಲ್ಲಿ ಇದನ್ನು ಹಾಲು ಸಕ್ಕರೆಗಳೊಡನೆ ಕಲಸಿ ಕುಡಿಯುವುದೇ ಹೆಚ್ಚಿನ ರೂಢಿ. ಈ ಮರದ ತವರಾದ ಮೆಕ್ಸಿಕೋ ದೇಶದಲ್ಲಾದರೋ ಇದನ್ನು ಉಪ್ಪು ಖಾರಗಳೊಡನೆ ಅರೆದು ಊಟಕ್ಕೆ ನೆಂಚಿಕೊಳ್ಳುವರು. ಈ ವ್ಯಂಜನಕ್ಕೆ ಗ್ವಾಕಮೋಲೆ ಎಂದು ಹೆಸರು.

ಅಲ್ಲಿನ ಪುರಾತನ ನಾವಾಟಲ್ ಭಾಷೆಯಲ್ಲಿ ಅವಾಕಟ್ಲ್ ಎಂದರೆ ಈ ಹಣ್ಣು. ಮೊಲ್ಲಿ ಎಂದರೆ ಅರೆದು ಮಾಡಿದ ವ್ಯಂಜನ. ಸ್ಪೇನಿನವರು 1521ರಲ್ಲಿ ಆ ದೇಶದ ರಾಜಧಾನಿಯನ್ನು ಗೆಲ್ಲುವುದಕ್ಕೆ ಮುಂಚಿನಿಂದಲೂ ಇದು ಬಳಕೆಯಲ್ಲಿದ್ದಿತು. ಇದಕ್ಕೆ ಸೇರುವ ಮೆಣಸಿನಕಾಯಿ, ಟೊಮೇಟೊಗಳೂ ಆ ಖಂಡದವೇ. ಕೊತ್ತಂಬರಿ ಸೊಪ್ಪು ಮತ್ತು ನಿಂಬೆ ಸ್ಪೇನಿನವರ ಮೂಲಕ ಬಂದು ಸೇರಿದವು. ನಮ್ಮ ಅಡಿಗೆಯ ಮೆಣಸಿನಕಾಯಿಯೇ ಆ ಖಂಡದಿಂದ ಬಂದದ್ದಾಗಿರುವಾಗ, ಈ ವ್ಯಂಜನವನ್ನು ಪರಕೀಯವೆಂದು ದೂರವಿಡಲು ಕಾರಣ ಕಾಣದು.

ಇದರ ರುಚಿಯು ಅರೆಯುವವರಿಗಿಂತ ಹೆಚ್ಚಾಗಿ ಕಾಯಿ ಕೊಯ್ಯುವವರನ್ನು ಅವಲಂಬಿಸಿರುವುದು. ಬೆಣ್ಣೆಹಣ್ಣು ಮರದಲ್ಲಿರುವಾಗ ಬಲಿಯುವುದೇ ಹೊರತು ಮೆತ್ತಗಾಗುವುದಿಲ್ಲ. ಕೊಯ್ದ ಮೇಲೆಯೇ ಹಣ್ಣಾಗತಕ್ಕದ್ದು. ಬೇಗ ಹಣ ಕಾಣುವ ಆತುರದಿಂದ ಎಳೆಯದನ್ನು ಕೊಯ್ದರೆ ಅದು ಸುಕ್ಕುಗಟ್ಟಿ ರಬ್ಬರಿನಂತಾಗಿ ಯಾವ ಬಳಕೆಗೂ ಬಾರದೆ ಹೋಗುವುದು; ಒಮ್ಮೆ ಅಂಥದನ್ನು ಕೊಂಡವನು ಮತ್ತೆ ಆ ಹಣ್ಣಿನ ಗೋಜಿಗೆ ಬಾರನು. ಆದಕಾರಣ ಪ್ರತಿ ಮರದಿಂದಲೂ ಮೊದಲು ಒಂದೆರಡು ಕಾಯಿಗಳನ್ನು ಕೊಯ್ದಿರಿಸಿ ನೋಡತಕ್ಕದ್ದು. ವಾರದೊಳಗಾಗಿ ಸುಕ್ಕದೆ ಮೆತ್ತಗಾದರೆ ಮರವು ಕೊಯ್ಲಿಗೆ ಸಿದ್ಧವೆಂದು ತಿಳಿಯಬಹುದು. ಬಲಿತ ಕಾಯನ್ನು ಹೋಳು ಮಾಡಿದಾಗ ಬೀಜದ ಹೊದಿಕೆ ಕಂದು ಬಣ್ಣದ ಕಾಗದದಂತೆ ತೆಳ್ಳಗಿರುವುದು. ಎಳೆಯದರಲ್ಲಿ ಅದು ಬೆಳ್ಳಗೆ ದಪ್ಪವಾಗಿರುವುದು. ತೊಟ್ಟಿನ ತುಣುಕೊಂದನ್ನು ಉಳಿಸಿ ಕತ್ತರಿಸಬೇಕು. ಉದುರಿಸಿ ನೆಲಕ್ಕೆ ಬೀಳಿಸಕೂಡದು. ಬೇಗ ಹಣ್ಣಾಗಬೇಕಾದಲ್ಲಿ ಮಾಗಿದ ಬಾಳೆಹಣ್ಣಿನೊಡನೆ ಕಾಗದದ ಚೀಲದಲ್ಲಿ ಮುಚ್ಚಿಡುವುದು. ಗಟ್ಟಿಯಾದ ಕಾಯನ್ನು ಶೀತಪೆಟ್ಟಿಗೆಯಲ್ಲಿಟ್ಟರೆ ಅದು ಸರಿಯಾಗಿ ಮಾಗುವುದಿಲ್ಲ.

ಎಲ್ಲ ಮರದ ಹಣ್ಣೂ ಒಂದೇ ಸಮವಲ್ಲ. ನೀರಿನಂಶ ಹೆಚ್ಚಾಗಿ ಎಣ್ಣೆಯಂಶ ಕಡಿಮೆಯಿರುವ ಜಾತಿಗಳು ಪಾನಕಕ್ಕೆ ಸಾಕು. ಗ್ವಾಕಮೋಲೆಗೆ ಎಣ್ಣೆಯಂಶವುಳ್ಳ ಗಟ್ಟಿ ತಿರುಳೇ ಉತ್ತಮ. ಲೋಕವಿಖ್ಯಾತವಾದ ಹಾಸ್ ಎಂಬ ಜಾತಿಗೆ ಈ ಗುಣವುಂಟು; ಅದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ 1935ರಲ್ಲಿ ಹಕ್ಕುಪತ್ರ ಪಡೆದದ್ದು.

ಮೆಕ್ಸಿಕೋದವರು ಅರೆಯುವುದಕ್ಕೆ ಮೂರು ಕಾಲಿನ ಕಪ್ಪು ಕಲ್ಲಿನ ಒರಳನ್ನು ಬಳಸುವರು. ನಮ್ಮ ಮನೆಯ ಒರಳು ಅಥವಾ ಕಲ್ಲಿನ ಕುಟ್ಟಾಣಿ ಸಾಕು. ಮಧ್ಯಮ ಗಾತ್ರದ 3 ಹಣ್ಣುಗಳಿಗೆ 2 ಹಸಿಮೆಣಸಿನಕಾಯಿ, ಅರ್ಧ ಈರುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಮತ್ತು ರುಚಿಗೆ ತಕ್ಕಷ್ಟು ಉಪ್ಪನ್ನು ಮೊದಲು ಜಜ್ಜತಕ್ಕದ್ದು. ಬಳಿಕ ತಿರುಳನ್ನು ಹಾಕಿ ತರಿತರಿಯಾಗಿ ಮಸೆಯಬೇಕು. ಯಂತ್ರದಲ್ಲಿ ನುಣ್ಣಗೆ ರುಬ್ಬಿದರೆ ಅಂಟಿನಂತಾಗುವುದು. ಬೀಜ ಮತ್ತು ನೀರನ್ನು ತೆಗೆದ ಒಂದು ಟೊಮೇಟೊವನ್ನು ಸಣ್ಣಗೆ ಹೆಚ್ಚಿ, ಅರ್ಧ ನಿಂಬೆಯ ರಸದೊಡನೆ ಕಡೆಯಲ್ಲಿ ಬೆರೆಸುವುದು. ಒಗ್ಗರಣೆ ಹಾಕುವ ಚಪಲವು ಬೇಡ; ಬಿಸಿ ತಗಲಿದರೆ ತಿರುಳು ಕಹಿಯಾಗುವುದು.

ಗಾಳಿ ಸೋಕಿದ ತಿರುಳು ಬೇಗನೆ ಕಪ್ಪಾಗುವುದು. ಬೀಜವನ್ನು ನಡುವೆ ಇಟ್ಟರೆ ಕಪ್ಪಾಗದೆಂಬ ನಂಬಿಕೆ ಕೆಲವರಲ್ಲುಂಟು; ವಾಸ್ತವವಾಗಿ ಬೀಜವು ಮುಚ್ಚಿದಷ್ಟು ಜಾಗವೇ ಹಸುರಾಗಿ ಉಳಿಯುವುದು. ನಿಂಬೆರಸವು ಇದನ್ನು ಸ್ವಲ್ಪ ತಡೆಯುವುದಾದರೂ ಊಟದ ಹೊತ್ತಿಗೇ ಅರೆಯುವುದು ಮೇಲು.

ಮೆಕ್ಸಿಕೋದಲ್ಲಿ ಇದರ ಜೊತೆಗಾರ ಮೆಕ್ಕೆಜೋಳದ ರೊಟ್ಟಿಯಾದ ತೋರ್ತಿಯಾ. ಅವರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆಯುವರು. ಇದರಿಂದ ಸಿಪ್ಪೆ ಬಿಡುವುದಲ್ಲದೆ ಜೋಳದಲ್ಲಿ ಅಡಗಿರುವ ನಿಯಾಸಿನ್ ಎಂಬ ಜೀವಸತ್ವವು ದೇಹಕ್ಕೆ ದಕ್ಕುವುದು. ಸುಣ್ಣದ ಈ ಸಂಸ್ಕಾರವನ್ನು ಬಿಟ್ಟು ಮೆಕ್ಕೆಜೋಳವನ್ನೇ ನೆಚ್ಚಿದ ಯೂರೋಪಿನ ಬಡವರಿಗೆ ಪೆಲ್ಲಾಗ್ರ ರೋಗವು ತಗಲಿದ್ದು ಇತಿಹಾಸ. ರೊಟ್ಟಿಯ ಚೂರುಗಳನ್ನು ಕರಿದು ಅದ್ದಿ ತಿನ್ನುವುದೂ ಅಲ್ಲಿ ವಾಡಿಕೆ. ನಮ್ಮಲ್ಲಿ ಉತ್ತರ ಜಿಲ್ಲೆಗಳ ಖಡಕ್ ಜೋಳದ ರೊಟ್ಟಿಯು ಕರಿಯುವ ಖರ್ಚಿಲ್ಲದೆ ಆ ಕೆಲಸಕ್ಕೆ ಒದಗುವುದು. ಮಲೆನಾಡಿನವರಿಗೆ ಅಕ್ಕಿರೊಟ್ಟಿ ಇದ್ದೇ ಇದೆ. ಬೇಯಿಸಿದ ಕಾಳಿನ ಪಲ್ಯವು ಜೊತೆಗಿದ್ದರೆ ಊಟವು ತುಂಬುವುದು.

ಸಿಪ್ಪೆ ಮತ್ತು ಬೀಜಗಳನ್ನು ಕಲಗಚ್ಚಿಗೆ ಹಾಕುವ ಅಭ್ಯಾಸವನ್ನು ಖಂಡಿತವಾಗಿ ಬಿಡತಕ್ಕದ್ದು. ಈ ಮರದ ಎಲೆ, ಸಿಪ್ಪೆ, ಬೀಜಗಳಲ್ಲಿ ಪರ್ಸಿನ್ ಎಂಬ ವಿಷಪದಾರ್ಥವುಂಟು. ಅದರಿಂದ ಕರೆಯುವ ಹಸು, ಮೇಕೆಗಳ ಕೆಚ್ಚಲು ಬಾತು ಹಾಲು ತಗ್ಗುವುದು. ಕುದುರೆಗಳಿಗೂ ಪಂಜರದ ಹಕ್ಕಿಗಳಿಗೂ ಪ್ರಾಣಾಪಾಯವಾಗಬಹುದು. ಕತ್ತರಿಸಿದ ಕೊಂಬೆಗಳನ್ನೂ ದನಗಳಿಗೆ ಎಟುಕದಂತೆ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿಸುವುದು.