ಪೋರ್ಟೊಬೆಲ್ಲೊ ಬೀದಿಯ ಹಿತ್ತಾಳೆ ಹುಲಿಗಳು

ಶನಿವಾರ ಬೆಳಿಗ್ಗೆ ಲಂಡನ್ನಿನ ನಾಟಿಂಗ್ ಹಿಲ್ ಗೇಟ್ ಸುರಂಗ ರೈಲು ನಿಲ್ದಾಣದಿಂದ ಮೇಲೆ ಬಂದವರಿಗೆ ಪೋರ್ಟೊಬೆಲ್ಲೊ ರಸ್ತೆಗೆ ದಾರಿ ಕೇಳುವ ಪ್ರಮೇಯ ಬರುವುದಿಲ್ಲ. ಜನ ಹೋಗುವ ಕಡೆಗೆ ಹೆಜ್ಜೆ ಹಾಕಿದರಾಯಿತು. ಬೀದಿ ಮೇಲಿನಿಂದ ಕೆಳಕ್ಕೆ ಇಳಿಜಾರು. ಮೇಲ್ತುದಿಯಲ್ಲಿ ತಿಳಿ ಗುಲಾಬಿ, ತಿಳಿ ನೀಲಿ, ಹಳದಿ ಬಣ್ಣದ ಪುಟ್ಟ ಮನೆಗಳು. ಇಳಿಯುತ್ತ ಹೋದಂತೆ ಹಳೆಯ ಸಾಮಾನಿನ ಅಂಗಡಿಗಳು, ಅವುಗಳ ಮುಂದೆ ರಸ್ತೆಯಲ್ಲೇ ಹಾಕಿದ ಮೇಜುಗಳು. ಇನ್ನೂ ಮುಂದೆ ಹಣ್ಣು, ತರಕಾರಿ. ಕೊನೆಗೆ ವೆಸ್ಟ್‌ವೇ ಮೇಲ್ಸೇತುವೆಯ ಅಡಿಯಲ್ಲಿ ಹಳೆಯ ಬಟ್ಟೆಬರೆ. ಉತ್ತರ ಲಂಡನ್ನಿನ ಕ್ಯಾಲೆಡೋನಿಯನ್ ಮಾರುಕಟ್ಟೆ ಮುಚ್ಚಿಹೋದ ಮೇಲೆ, 1940ರ ದಶಕದ ಕೊನೆಗೆ, ಅಲ್ಲಿನ ಹಳೆ ಸಾಮಾನಿನ ವ್ಯಾಪಾರಿಗಳು ಇಲ್ಲಿಗೆ ಬಂದು ನೆಲೆಯೂರಿದರು. ಇವತ್ತಿಗೂ ಅವರ ದಿನವೆಂದರೆ ಶನಿವಾರವೇ.

ಬೆಳ್ಳಿ ಚಮಚ, ಪಿಂಗಾಣಿ ಬಟ್ಟಲು, ಹಳೆ ಕ್ಯಾಮೆರಾ ಹುಡುಕಿ ಬರುವವರೇ ಇಲ್ಲಿ ಹೆಚ್ಚು. ನಾನು ಬಂದದ್ದು ಸೈನಿಕರ ಹಳೆಯ ಟೋಪಿಗಳನ್ನು, ಆ ಟೋಪಿಗಳ ಹಣೆಗೆ ಸಿಕ್ಕಿಸುತ್ತಿದ್ದ ಲಾಂಛನಗಳನ್ನು ನೋಡಲು. ಸಂಗ್ರಹಕಾರರ ಬಾಯಲ್ಲಿ ಇವು ಕ್ಯಾಪ್ ಬ್ಯಾಡ್ಜ್‌ಗಳು.

ಮೇಜುಗಳು ಶುರುವಾಗುವ ಮೊದಲೇ, 22ನೇ ನಂಬರಿನ ಮನೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ಬರ್ಮಾದ ಪೊಲೀಸ್ ನೌಕರಿ ಬಿಟ್ಟು ಬಂದು, 1927ರ ಚಳಿಗಾಲದಲ್ಲಿ ಲೇಖಕನಾಗುವ ಹಟದಿಂದ ಬಾಡಿಗೆ ಕೋಣೆ ಹಿಡಿದದ್ದು ಈ ಮನೆಯಲ್ಲಿ. ಬೆಂಡಿನ ಟೋಪಿ ಇಲ್ಲದೆ ಬಿಸಿಲಿಗೆ ಹೋದರೆ ಬಿಳಿಯರ ತಲೆಬುರುಡೆ ತಡೆಯದು ಎಂಬ ಆ ಕಾಲದ ನಂಬಿಕೆಯನ್ನು ಆತ ಮುಂದೆ ಗೇಲಿ ಮಾಡಿ ಬರೆದ. ಅದೇ ಬೀದಿಯ ಕೆಳಗಿನ ಮಳಿಗೆಯೊಂದರಲ್ಲಿ ಅದೇ ಬೆಂಡಿನ ಟೋಪಿಗಳು ಇಂದು ಒಂದರ ಮೇಲೊಂದು ಪೇರಿಸಿ ಮಾರಾಟಕ್ಕಿವೆ. ಅವುಗಳ ಒಳಗಿನ ಬೆಂಡು ನಮ್ಮ ದೇಶದ ಜೌಗು ನೆಲದಲ್ಲಿ ಬೆಳೆಯುವ ಗಿಡದ್ದು. ತೂಕವೇ ಇಲ್ಲವೆಂಬಷ್ಟು ಹಗುರ. ಅದೇ ಆಕಾರದ ವೂಲ್ಸ್‌ಲಿ ಹೆಲ್ಮೆಟ್ ಕಾರ್ಕಿನದು, ಕೈಗೆತ್ತಿಕೊಂಡರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಮೇಜಿನ ಮೇಲಿನ ಪಾಠ

ಬ್ಯಾಡ್ಜ್ ಮಾರುವವರ ಮೇಜಿನಲ್ಲಿ ಕಪ್ಪು ಮಖಮಲ್ ಹಾಸಿದ ಚಪ್ಪಟೆ ಪೆಟ್ಟಿಗೆಗಳಿರುತ್ತವೆ. ಅವುಗಳಲ್ಲಿ ಸಾಲುಸಾಲಾಗಿ ಹಿತ್ತಾಳೆ ಮತ್ತು ಬಿಳಿ ಲೋಹದ ತುಣುಕುಗಳು, ಒಂದೊಂದೂ ಎರಡು ಬೆರಳಗಲ. ಸಾಮಾನ್ಯದ್ದಕ್ಕೆ ಹತ್ತಿಪ್ಪತ್ತು ಪೌಂಡ್ ಹೇಳುತ್ತಾರೆ. ಅಪರೂಪದ್ದಾದರೆ ನೂರು ದಾಟಿ ಹೋಗುತ್ತದೆ. ಮಾರುವವರಲ್ಲಿ ನಿವೃತ್ತ ಸೈನಿಕರು ಕೆಲವರು, ಚಿಕ್ಕಂದಿನ ಹುಚ್ಚನ್ನೇ ಕಸುಬಾಗಿಸಿಕೊಂಡವರು ಕೆಲವರು. ಕಿಪ್ಲಿಂಗ್ ಮತ್ತು ಕಿಂಗ್ ಎಂಬಿಬ್ಬರು 1970ರ ದಶಕದಲ್ಲಿ ಬ್ರಿಟಿಷ್ ಸೈನ್ಯದ ಟೋಪಿ ಲಾಂಛನಗಳನ್ನೆಲ್ಲ ಸಂಖ್ಯೆ ಹಾಕಿ ಪಟ್ಟಿ ಮಾಡಿದ ಗ್ರಂಥ ಇವರೆಲ್ಲರ ಪಂಚಾಂಗ. ಬ್ಯಾಡ್ಜಿನ ಹೆಸರಿನ ಬದಲು ‘ಕೆ ಕೆ’ ಎಂದು ಶುರುಮಾಡಿ ಅದರ ಸಂಖ್ಯೆಯನ್ನೇ ಹೇಳಿ ವ್ಯಾಪಾರ ಮುಗಿಸುವವರೂ ಇದ್ದಾರೆ.

ಹೊಸಬ ಎಂದು ಗೊತ್ತಾದ ಕೂಡಲೇ ನನ್ನೆದುರಿನ ವ್ಯಾಪಾರಿ ಮೊದಲು ಕಿರೀಟ ತೋರಿಸಿದರು. ಬ್ರಿಟಿಷ್ ಬ್ಯಾಡ್ಜಿನ ಕಾಲ ಗುರುತಿಸುವ ಸುಲಭದ ದಾರಿ ಅದು. ಕಿರೀಟದ ಕಮಾನು ಉಬ್ಬಿ ದುಂಡಗಿದ್ದರೆ 1901ರಿಂದ 1952ರ ನಡುವೆ ಆಳಿದ ರಾಜರ ಕಾಲದ್ದು. ಕಮಾನು ನಡುವೆ ತಗ್ಗಿದ್ದರೆ ಎರಡನೇ ಎಲಿಜಬೆತ್ ಕಾಲದ್ದು. ವಿಕ್ಟೋರಿಯಾ ಕಾಲದ ಕಿರೀಟ ಬೇರೆಯದೇ. ಮೂರನೇ ಚಾರ್ಲ್ಸ್ ಪಟ್ಟಕ್ಕೆ ಬಂದ ಮೇಲೆ ಮತ್ತೆ ದುಂಡು ಕಮಾನಿನ ಕಿರೀಟವನ್ನೇ ಆರಿಸಿಕೊಂಡದ್ದರಿಂದ, ಇನ್ನು ಮುಂದೆ ಕಿರೀಟ ಒಂದನ್ನೇ ನಂಬಿದವರು ಎಡವುವುದು ಖಂಡಿತ.

ಆಮೇಲೆ ಬ್ಯಾಡ್ಜನ್ನು ತಿರುವಿ ಹಾಕಿದರು. ಅನುಭವಸ್ಥರು ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡುತ್ತಾರೆ. ಹಿಂದೆ ಎರಡು ಪುಟ್ಟ ಬಳೆಗಳಿದ್ದು ಅವುಗಳಲ್ಲಿ ಪಿನ್ ತೂರಿಸುವಂತಿದ್ದರೆ ಅದು ಲಗ್. ಉದ್ದನೆಯ ಪಟ್ಟಿಯೊಂದನ್ನು ಟೋಪಿಯ ಸೀಳಿನೊಳಗೆ ಇಳಿಬಿಡುವಂತಿದ್ದರೆ ಸ್ಲೈಡರ್. ಇದು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂತು. ಎರಡು ಲೋಹ ಕೂಡಿಸಿ ಮಾಡುತ್ತಿದ್ದ ಬ್ಯಾಡ್ಜ್‌ಗಳನ್ನು 1916ರಲ್ಲಿ ಖರ್ಚು ಉಳಿಸಲು ಬರೀ ಹಿತ್ತಾಳೆಯಲ್ಲಿ ಒತ್ತಿದರು. ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೇ ಬರ ಬಂದಾಗ ಪ್ಲಾಸ್ಟಿಕ್ಕಿನವು ಬಂದವು. 1950ರ ದಶಕದಿಂದ ಸ್ಟೇಬ್ರೈಟ್, ಎಂದರೆ ಬಣ್ಣ ಕೂರಿಸಿದ ಅಲ್ಯೂಮಿನಿಯಂ. ಅದನ್ನು ಉಜ್ಜುವ ಅಗತ್ಯವೇ ಇರಲಿಲ್ಲ. ಸಿಪಾಯಿಗೆ ದಿನದ ಒಂದು ಕೆಲಸ ಕಡಿಮೆಯಾಯಿತು, ಸಂಗ್ರಹಕಾರನಿಗೆ ಒಂದು ಆಕರ್ಷಣೆ ಕಡಿಮೆಯಾಯಿತು. ಉಜ್ಜಿ ಉಜ್ಜಿ ಮೂಗು ಸವೆದ ಸಿಂಹ, ಅಕ್ಷರ ಮಾಸಿದ ಪಟ್ಟಿ ಇವೆಲ್ಲ ಹಳೆಯ ಹಿತ್ತಾಳೆಯಲ್ಲೇ ಸಿಗುವುದು.

ಇಲ್ಲಿಂದ ಮುಂದೆ ಕಥೆಗಳ ಸರದಿ. ಗ್ಲಾಸ್ಟರ್‌ಶೈರ್ ರೆಜಿಮೆಂಟಿನವರು ಟೋಪಿಯ ಮುಂದೆ ಒಂದು, ಹಿಂದೆ ಇನ್ನೊಂದು ಪುಟ್ಟದು, ಹೀಗೆ ಎರಡು ಬ್ಯಾಡ್ಜ್ ಧರಿಸುತ್ತಿದ್ದರು. 1801ರ ಮಾರ್ಚ್ 21ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಫ್ರೆಂಚ್ ಅಶ್ವದಳ ಹಿಂದಿನಿಂದ ಏರಿ ಬಂದಾಗ, ಈ ದಳದ ಹಿಂದಿನ ಸಾಲಿನವರು ನಿಂತಲ್ಲೇ ತಿರುಗಿ ಬೆನ್ನಿಗೆ ಬೆನ್ನು ಕೊಟ್ಟು ಕಾದಿದ್ದರ ಗೌರವ ಅದು. 17ನೇ ಲ್ಯಾನ್ಸರ್ಸ್ ದಳದ್ದು ತಲೆಬುರುಡೆ ಮತ್ತು ಎಲುಬಿನ ಬ್ಯಾಡ್ಜ್. 1759ರಲ್ಲಿ ಕ್ವಿಬೆಕ್ ಗೆಲ್ಲುತ್ತಲೇ ಸತ್ತ ಸೇನಾನಿ ವುಲ್ಫ್‌ನ ನೆನಪಿಗೆ.

ಹುಲಿ ಕಂಡ ಕೂಡಲೇ ಟಿಪ್ಪು ಅಲ್ಲ

ಕನ್ನಡಿಗನ ಕಣ್ಣು ನಿಲ್ಲುವುದು ಮಾತ್ರ ಹುಲಿ ಮತ್ತು ಆನೆಗಳ ಮೇಲೆ. ಇಂಗ್ಲೆಂಡಿನ ಕಾಡಿನಲ್ಲಿ ಇಲ್ಲದ ಈ ಪ್ರಾಣಿಗಳು ಇಂಗ್ಲೆಂಡಿನ ಜಿಲ್ಲೆಗಳ ಹೆಸರು ಹೊತ್ತ ದಳಗಳ ಟೋಪಿ ಏರಿದ್ದು ಹೇಗೆಂದರೆ, ಅವೆಲ್ಲ ನಮ್ಮ ನೆಲದ ಯುದ್ಧಗಳ ಗುರುತು. ಲೆಸ್ಟರ್‌ಶೈರ್ ರೆಜಿಮೆಂಟಿನ ಬ್ಯಾಡ್ಜಿನಲ್ಲಿ ಹುಲಿ, ಅದರ ಮೇಲೆ ‘ಹಿಂದೂಸ್ತಾನ್’ ಎಂಬ ಪಟ್ಟಿ. ನೋಡಿದೊಡನೆ ನಮಗೆ ಶ್ರೀರಂಗಪಟ್ಟಣ ನೆನಪಾಗುತ್ತದೆ. ಆದರೆ ಆ ದಳ ಭಾರತಕ್ಕೆ ಬಂದದ್ದು 1804ರಲ್ಲಿ, ಟಿಪ್ಪು ಮಡಿದು ಐದು ವರ್ಷವಾದ ಮೇಲೆ. 1823ರವರೆಗೆ ಇಲ್ಲಿದ್ದು, 1825ರಲ್ಲಿ ಹುಲಿಯನ್ನು ಧರಿಸುವ ಹಕ್ಕು ಪಡೆಯಿತು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದ ದಳದ ಹುಲಿ ಬೇಕೆಂದರೆ 75ನೇ ಪದಾತಿ ದಳವನ್ನು ಹುಡುಕಬೇಕು. ಅದಕ್ಕೆ 1807ರಲ್ಲಿ ‘ಇಂಡಿಯಾ’ ಎಂಬ ಅಕ್ಷರಗಳೊಂದಿಗೆ ಹುಲಿಯ ಲಾಂಛನ ಸಿಕ್ಕಿತು. 1881ರ ಸುಧಾರಣೆಯಲ್ಲಿ ಹಳೆಯ ಸಂಖ್ಯೆಗಳು ಹೋಗಿ ಊರು, ಜಿಲ್ಲೆಗಳ ಹೆಸರು ಬಂದಾಗ ಆ ದಳ ಗಾರ್ಡನ್ ಹೈಲ್ಯಾಂಡರ್ಸ್‌ನೊಳಗೆ ಸೇರಿತು.

ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಬ್ಯಾಡ್ಜಿನಲ್ಲಿ ಉರಿಯುವ ಗ್ರೆನೇಡು, ಅದರ ಮೈಮೇಲೆ ಹುಲಿ ಮತ್ತು ಆನೆ ಎರಡೂ ಇವೆ. ಹೆಸರು ಐರ್ಲೆಂಡಿನದಾದರೂ ಬೇರು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಮತ್ತು ಮುಂಬಯಿಯ ಐರೋಪ್ಯ ಪಲ್ಟನ್‌ಗಳದು. ಡಾರ್ಸೆಟ್ ದಳದ ಬ್ಯಾಡ್ಜ್ ಲ್ಯಾಟಿನ್‌ನಲ್ಲಿ ‘ಭಾರತದಲ್ಲಿ ಮೊದಲಿಗರು’ ಎಂದು ಹೇಳಿಕೊಳ್ಳುತ್ತದೆ. ಭಾರತಕ್ಕೆ ಬಂದ ಮೊದಲ ಬ್ರಿಟಿಷ್ ರಾಜದಳ ತಮ್ಮದೆಂಬ ಹೆಮ್ಮೆ ಅದು.

ಇವುಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಬ್ಯಾಡ್ಜ್. ನಕ್ಷತ್ರದ ನಡುವೆ ಕಹಳೆ, ಕೆಳಗೆ ಪುಟ್ಟ ಆನೆ, ಜೊತೆಗೆ ‘ಅಸ್ಸಾಯೆ’ ಎಂಬ ಹೆಸರು. 1803ರ ಸೆಪ್ಟೆಂಬರ್ 23ರಂದು ಮಹಾರಾಷ್ಟ್ರದ ಆ ಊರಿನ ಬಳಿ ಆರ್ಥರ್ ವೆಲ್ಲೆಸ್ಲಿ ಮರಾಠಾ ಸೈನ್ಯವನ್ನು ಸೋಲಿಸಿದ. ಅವನ ಕಡೆ ಈ ಸ್ಕಾಟಿಷ್ ದಳವಲ್ಲದೆ ಮದರಾಸಿನ ಸಿಪಾಯಿಗಳೂ ಮೈಸೂರಿನ ಕುದುರೆ ಸವಾರರೂ ಇದ್ದರು. ಮದರಾಸಿನ ಪಾಲಿನ ಆನೆ ಇಂದಿಗೂ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಕೇಂದ್ರವಿರುವ ಮದ್ರಾಸ್ ರೆಜಿಮೆಂಟಿನ ಲಾಂಛನದಲ್ಲಿದೆ. ಮೈಸೂರಿನ ಸವಾರರ ನೆನಪಿಗೆ ಈ ಮೇಜಿನ ಮೇಲೆ ಏನೂ ಇಲ್ಲ. ಯಾರ ನೆನಪು ಉಳಿಯಬೇಕೆಂದು ಗೆದ್ದವರು ತೀರ್ಮಾನಿಸಿದ್ದು ಹಿತ್ತಾಳೆಗಿಳಿದಿದೆ. ಬ್ಯಾಡ್ಜ್ ನೋಡುವಾಗ ಅದರಲ್ಲಿ ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

‘ಮೈಸೂರ್ ಲ್ಯಾನ್ಸರ್ಸ್ ಇದೆಯೇ?’ ಎಂದು ವ್ಯಾಪಾರಿಯನ್ನು ಕೇಳಿದೆ. ಗಂಡಭೇರುಂಡದ ಆ ಬ್ಯಾಡ್ಜ್ ಅವರಿಗೆ ಚೆನ್ನಾಗಿ ಗೊತ್ತು. ‘ಅಸಲಿ ಬರುವುದು ಅಪರೂಪ. ಬಂದರೂ ಮೇಜಿಗೆ ಬರುವ ಮೊದಲೇ ಹೋಗಿರುತ್ತದೆ. ಕಣ್ಣಿಗೆ ಬೀಳುವುದೆಲ್ಲ ಹೆಚ್ಚಾಗಿ ಈಚೆಗೆ ಒತ್ತಿದ್ದು’ ಎಂದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣವನ್ನು ಗೆದ್ದ ದಳ ಅದು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

ಟೋಪಿಗಳ ಸಾಲು

ಬ್ಯಾಡ್ಜ್ ಜೇಬಿಗೆ ಹಿಡಿಸುತ್ತದೆ, ಟೋಪಿ ಮನೆಯನ್ನೇ ಕೇಳುತ್ತದೆ. ಹಾಗಾಗಿ ಟೋಪಿ ಸಂಗ್ರಹಿಸುವವರು ಕಡಿಮೆ, ಬೆಲೆ ಹೆಚ್ಚು. ಒಳಾಂಗಣ ಮಳಿಗೆಯೊಂದರ ಕಪಾಟಿನಲ್ಲಿ 1878ರಲ್ಲಿ ಬಳಕೆಗೆ ಬಂದ ನೀಲಿ ಬಟ್ಟೆ ಹೊದೆಸಿದ ಹೆಲ್ಮೆಟ್, ಅದರ ಹಣೆಯ ತುಂಬ ದೊಡ್ಡ ಹಿತ್ತಾಳೆ ಫಲಕ. ಪಕ್ಕದಲ್ಲಿ ಪ್ರಷ್ಯನ್ನರು 1842ರಲ್ಲಿ ತಂದ, ನೆತ್ತಿಯಲ್ಲಿ ಮೊಳೆಯಂಥ ಚೂಪಿರುವ ಪಿಕೆಲ್‌ಹೌಬ. ಅದು ಗಟ್ಟಿಮಾಡಿದ ತೊಗಲಿನದು. ಮೊದಲ ಮಹಾಯುದ್ಧದ ಸಿಡಿಗುಂಡಿನ ಚೂರುಗಳ ಮುಂದೆ ತೊಗಲು ನಿಲ್ಲಲಿಲ್ಲ. 1915ರಲ್ಲಿ ಫ್ರೆಂಚರು ಉಕ್ಕಿನ ಏಡ್ರಿಯನ್ ಹೆಲ್ಮೆಟ್ ತಂದರು. ಅದೇ ವರ್ಷ ಜಾನ್ ಬ್ರೋಡಿ ಬೋಗುಣಿ ಆಕಾರದ ಬ್ರಿಟಿಷ್ ಹೆಲ್ಮೆಟ್ಟಿಗೆ ಪೇಟೆಂಟ್ ಪಡೆದ. 1916ರಲ್ಲಿ ಜರ್ಮನರೂ ಉಕ್ಕಿಗೆ ಬಂದರು. ಅಂದವೇ ಮುಖ್ಯವಾಗಿದ್ದ ಸೈನಿಕನ ಟೋಪಿ ತಲೆ ಉಳಿಸುವ ಸಾಧನವಾದದ್ದು ಈ ಎರಡೇ ವರ್ಷಗಳಲ್ಲಿ.

ಅಂದಕ್ಕೆ ಬೇರೆ ಗಿರಾಕಿಗಳು ಸಿಕ್ಕರು. 1960ರ ದಶಕದಲ್ಲಿ ಇದೇ ಬೀದಿಯ 293ನೇ ನಂಬರಿನಲ್ಲಿ ‘ಐ ವಾಸ್ ಲಾರ್ಡ್ ಕಿಚನರ್ಸ್ ವ್ಯಾಲೆ’ ಎಂಬ ಅಂಗಡಿ ಹಳೆಯ ಸೈನಿಕ ಉಡುಪುಗಳನ್ನು ಫ್ಯಾಷನ್ ಆಗಿ ಮಾರುತ್ತಿತ್ತು. ಜಿಮಿ ಹೆಂಡ್ರಿಕ್ಸ್, ಮಿಕ್ ಜಾಗರ್‌ರಂಥ ಸಂಗೀತಗಾರರು ಅಲ್ಲಿಯ ಅಂಗಿ ತೊಟ್ಟು ವೇದಿಕೆ ಏರಿದರು. ಸಾಮ್ರಾಜ್ಯದ ಗತ್ತನ್ನು ಅಣಕಿಸಲು ಅದರದೇ ಉಡುಪು ಒದಗಿತು.

ಕೊಳ್ಳುವವರಿಗೆ, ಇಟ್ಟುಕೊಂಡವರಿಗೆ

ನಕಲಿಯ ಕಾಟ ಈ ಹವ್ಯಾಸಕ್ಕೆ ಹಳೆಯದು. ಅಸಲಿ ಬ್ಯಾಡ್ಜನ್ನು ಅಚ್ಚಿನಲ್ಲಿ ಒತ್ತಿ ಮಾಡಿರುತ್ತಾರೆ. ಗೆರೆ ಚೂಪು, ಮುಂಭಾಗದ ಉಬ್ಬು ಹಿಂಭಾಗದಲ್ಲಿ ತಗ್ಗಾಗಿ ಕಾಣುತ್ತದೆ, ನಡುವಿನ ಖಾಲಿ ಜಾಗಗಳನ್ನು ಕತ್ತರಿಸಿದ ಅಂಚು ಶುಭ್ರ. ಎರಕ ಹೊಯ್ದ ನಕಲಿಯ ಮೈಮೇಲೆ ಸಣ್ಣ ಸಣ್ಣ ತೂತು, ಗೆರೆಗಳು ಮೊಂಡು. ಇನ್ನೊಂದು ಬಗೆ ರೀಸ್ಟ್ರೈಕ್, ಎಂದರೆ ಹಳೆಯ ಅಚ್ಚಿನಿಂದಲೇ ಮತ್ತೆ ಒತ್ತಿದ್ದು. ಇದನ್ನು ಹಿಡಿಯುವುದು ಕಷ್ಟ. ಬರ್ಮಿಂಗ್‌ಹ್ಯಾಮಿನ ಗಾಂಟ್ ಕಂಪನಿಯ ಮುದ್ರೆ ಸ್ಲೈಡರಿನ ಮೇಲಿದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ, ಮುದ್ರೆಯನ್ನೂ ನಕಲು ಮಾಡುತ್ತಾರೆ. ನೂರು ಅಸಲಿಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಮಾತ್ರ ಕಣ್ಣು ಪಳಗುತ್ತದೆ. ಅದಕ್ಕಾದರೂ ಇಂಥ ಬೀದಿಗೆ ಬರಬೇಕು. ಶನಿವಾರ ಬೆಳಿಗ್ಗೆ ಬೇಗ ಬಂದರೆ ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಪ್ರವಾಸಿಗಳ ನೂಕುನುಗ್ಗಲು, ವ್ಯಾಪಾರಿಗಳಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ದಿನ ಉಳಿದರೆ ಚೆಲ್ಸಿಯ ರಾಷ್ಟ್ರೀಯ ಸೇನಾ ಮ್ಯೂಸಿಯಂಗೆ ಹೋಗಿ; ಪ್ರವೇಶ ಉಚಿತ.

ಭಾರತದಲ್ಲಿರುವವರು ಒಂದು ಕಾನೂನು ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮೊದಲ ಮಹಾಯುದ್ಧದ ಬ್ಯಾಡ್ಜ್‌ಗಳು ಈಗ ಆ ವಯಸ್ಸು ದಾಟಿವೆ.

ಕೊಡಗಿನ, ಮೈಸೂರಿನ, ಬೆಂಗಳೂರು ದಂಡಿನ ಎಷ್ಟೋ ಮನೆಗಳ ಅಟ್ಟದ ಟ್ರಂಕಿನಲ್ಲಿ ಅಜ್ಜನದೋ ಮುತ್ತಜ್ಜನದೋ ಒಂದು ಟೋಪಿ, ಒಂದು ಹಿತ್ತಾಳೆ ಬ್ಯಾಡ್ಜ್ ಇರುವ ಸಾಧ್ಯತೆ ಇದೆ. ಅದಕ್ಕೆ ಹುಣಸೆಹಣ್ಣು, ಬ್ರಾಸೋ ಹಚ್ಚಿ ತಿಕ್ಕಬೇಡಿ. ಮಾಸಿದ ಬಣ್ಣವೇ ಅದರ ವಯಸ್ಸಿನ ಸಾಕ್ಷಿ. ಪಿವಿಸಿ ಚೀಲದಲ್ಲಿ ಕಟ್ಟಿಡಬೇಡಿ, ಲೋಹ ಹಸಿರುಗಟ್ಟುತ್ತದೆ. ಉಣ್ಣೆಯ ಟೋಪಿಯನ್ನು ಮೊಳೆಗೆ ತೂಗುಹಾಕದೆ, ಒಳಗೆ ಬಿಳಿ ಬಟ್ಟೆ ತುಂಬಿ, ನುಸಿ ತಾಗದಂತೆ ಪೆಟ್ಟಿಗೆಯಲ್ಲಿಡಿ. ಎಲ್ಲಕ್ಕಿಂತ ಮೊದಲು, ಅದು ಯಾರದು, ಯಾವ ಪಲ್ಟನ್, ಯಾವ ಊರಲ್ಲಿ ಇದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಇಟ್ಟುಕೊಳ್ಳಲಾಗದಿದ್ದರೆ ಗುಜರಿಗೆ ಹಾಕುವ ಮೊದಲು ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂನಂಥ ಕಡೆ ಒಮ್ಮೆ ವಿಚಾರಿಸಿ. ಹೆಸರಿಲ್ಲದ ಬ್ಯಾಡ್ಜ್ ಪೋರ್ಟೊಬೆಲ್ಲೊದಲ್ಲಿ ರಾಶಿಗಟ್ಟಲೆ ಸಿಗುತ್ತದೆ. ಹೆಸರಿರುವುದು ನಿಮ್ಮ ಮನೆಯಲ್ಲಿ ಮಾತ್ರ ಇರುತ್ತದೆ.