ಡೇರೆ ಎಲ್ಲಿ ಹಾಕೋಣ?

ಮಕ್ಕಳೇ, ಬೆಟ್ಟ ಹತ್ತಿ ಇಳಿಯುವುದು ನಿಮಗೆ ಹೊಸದಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟ ಮತ್ತು ಚನ್ನರಾಯನದುರ್ಗ, ಪಾವಗಡದ ಕೋಟೆ ಬೆಟ್ಟ - ಇವುಗಳಲ್ಲಿ ಒಂದನ್ನಾದರೂ ನೀವು ನೋಡಿರುತ್ತೀರಿ. ಸಿರಾ ಕಡೆಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ಹೋಗಿರಬಹುದು. ಆದರೆ ಬೆಟ್ಟದ ಬಳಿ ಡೇರೆ ಹಾಕಿ ಒಂದು ರಾತ್ರಿ ಕಳೆದಿದ್ದೀರಾ?

ಇದಕ್ಕೆ ಶಿಬಿರ ಎನ್ನುತ್ತಾರೆ. 1907ರಲ್ಲಿ ಬೇಡನ್ ಪೊವೆಲ್ ಅವರು ಸುಮಾರು ಇಪ್ಪತ್ತು ಹುಡುಗರನ್ನು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಕರೆದೊಯ್ದು ಡೇರೆಗಳಲ್ಲಿ ಇರಿಸಿದರು. ಸ್ಕೌಟ್ ಚಳವಳಿ ಶುರುವಾದದ್ದು ಆ ಶಿಬಿರದಿಂದಲೇ. ನಿಮ್ಮ ಶಾಲೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಇದ್ದರೆ ನಿಮಗೂ ಶಿಬಿರದ ಅವಕಾಶ ಸಿಗಬಹುದು.

ಈಗ ಒಂದು ಪ್ರಶ್ನೆ. ಗುರುಗಳೊಂದಿಗೆ ನೀವು ಕಲ್ಲುಬೆಟ್ಟದ ಬಳಿಗೆ ಬಂದಿದ್ದೀರಿ. ಕತ್ತಲಾಗಲು ಎರಡು ಗಂಟೆ ಇದೆ. ಡೇರೆ ಹಾಕಲು ನಾಲ್ಕು ಜಾಗಗಳಿವೆ.

1. ಬೆಟ್ಟದ ತುದಿಯ ಸಮತಟ್ಟಾದ ಬಂಡೆ
2. ಬೆಟ್ಟದ ಬುಡದಲ್ಲಿ ಒಣಗಿದ ಹಳ್ಳದ ಮೆತ್ತನೆಯ ಮರಳು
3. ದೊಡ್ಡ ಗುಂಡುಕಲ್ಲಿನ ಮರೆ
4. ಬುಡದಿಂದ ಸ್ವಲ್ಪ ದೂರದಲ್ಲಿರುವ, ಸುತ್ತಲಿನ ನೆಲಕ್ಕಿಂತ ತುಸು ಎತ್ತರದ ಬಯಲು

ನೀವು ಯಾವುದನ್ನು ಆರಿಸುತ್ತೀರಿ? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದೆ ಓದಿ.

ತುದಿಯ ಬಂಡೆ

ಮಧುಗಿರಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದಲ್ಲಿದೆ. ಕೆಳಗಿನ ಊರಿಗಿಂತ ಅದು ಸುಮಾರು 400 ಮೀಟರ್ ಮೇಲಿದೆ. 1,000 ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸಾಮಾನ್ಯವಾಗಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಹಾಗಾದರೆ 400 ಮೀಟರಿಗೆ ಎಷ್ಟು? ಸುಮಾರು ಎರಡೂವರೆ ಡಿಗ್ರಿ. ಇದರ ಜೊತೆಗೆ ತುದಿಯಲ್ಲಿ ಗಾಳಿಗೆ ಯಾವ ತಡೆಯೂ ಇಲ್ಲ. ಬಂಡೆಯಲ್ಲಿ ಗೂಟವೂ ಇಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಸಿಡಿಲು. ಸಿಡಿಲು ಸಾಮಾನ್ಯವಾಗಿ ಸುತ್ತಲಿನ ಎತ್ತರದ ಜಾಗಕ್ಕೆ ಬಡಿಯುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆ ದಿಢೀರನೆ ಬರುವುದನ್ನು ನೀವು ಕಂಡಿದ್ದೀರಿ.

ಸಿಡಿಲು ಎಷ್ಟು ದೂರದಲ್ಲಿದೆ ಎಂದು ತಿಳಿಯುವುದು ಸುಲಭ. ಮಿಂಚು ಕಂಡ ಕೂಡಲೇ ಸೆಕೆಂಡುಗಳನ್ನು ಎಣಿಸಲು ತೊಡಗಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ತಡಮಾಡದೆ ಗಟ್ಟಿ ಕಟ್ಟಡದೊಳಗೆ ಅಥವಾ ಮುಚ್ಚಿದ ಬಸ್ಸಿನೊಳಗೆ ಹೋಗಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ಡೇರೆ ಸಿಡಿಲಿನಿಂದ ಕಾಪಾಡುವುದಿಲ್ಲ. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಒಳಗೇ ಇರಬೇಕು. ತುದಿಯಲ್ಲಿ ಡೇರೆ ಹಾಕಿದವರು ಆ ಕತ್ತಲಲ್ಲಿ, ಒದ್ದೆಯಾಗಿ ಜಾರುವ ಬಂಡೆಯ ಮೇಲೆ ಇಳಿದು ಬರಲಾದೀತೇ?

ಹಳ್ಳದ ಮರಳು

ಮೆತ್ತಗಿದೆ, ಕಲ್ಲುಮುಳ್ಳಿಲ್ಲ, ಮಲಗಲು ಚೆನ್ನಾಗಿದೆ. ಆದರೆ ಆ ಮರಳನ್ನು ಅಲ್ಲಿಗೆ ತಂದವರು ಯಾರು? ನೀರು! ಅದು ನೀರು ಹರಿಯುವ ದಾರಿ.

ರಾಮನಗರದಿಂದ ತುಮಕೂರು, ಮಧುಗಿರಿ, ಪಾವಗಡಗಳ ಮೂಲಕ ಉತ್ತರಕ್ಕೆ ಗ್ರಾನೈಟ್ ಕಲ್ಲಿನ ಒಂದು ಉದ್ದನೆಯ ಪಟ್ಟಿ ಸಾಗುತ್ತದೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆದ್ದರಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆದರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾರಸ ತಣಿದು ಈ ಕಲ್ಲಾಯಿತು. ಮೇಲಿದ್ದ ಪದರಗಳು ಸವೆದುಹೋದ ಮೇಲೆ ಬೆಟ್ಟಗಳಾಗಿ ಹೊರಗೆ ಕಾಣಿಸಿಕೊಂಡಿತು.

ಮಣ್ಣು ಮಳೆನೀರನ್ನು ಹೀರುತ್ತದೆ. ಬರಿಯ ಬಂಡೆ ಹೀರುವುದಿಲ್ಲ. ದೊಣೆಗಳಲ್ಲಿ ನಿಂತದ್ದನ್ನು ಬಿಟ್ಟರೆ ಬಹುಪಾಲು ನೀರು ಕೆಳಗೆ ಹರಿಯುತ್ತದೆ. ಒಂದು ಲೆಕ್ಕ ಮಾಡೋಣ. 100 ಮೀಟರ್ ಉದ್ದ, 100 ಮೀಟರ್ ಅಗಲದ ಜಾಗದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು 1,00,000 ಲೀಟರ್ ನೀರು. ಹತ್ತು ಲೀಟರಿನ ಕೊಡಗಳಲ್ಲಿ ತುಂಬಿದರೆ 10,000 ಕೊಡ! ಬೆಟ್ಟದ ಒಂದು ಮೈ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಮೇಲೆ ಮಳೆಯಾದರೆ, ನೀವು ಮಲಗಿರುವಲ್ಲಿ ಒಂದು ಹನಿ ಬೀಳದಿದ್ದರೂ ಹಳ್ಳ ತುಂಬಿ ಬರಬಹುದು.

ಹಳ್ಳದ ದಡದ ಪೊದೆಗಳನ್ನು ನೋಡಿ. ಕಸಕಡ್ಡಿ, ಒಣಹುಲ್ಲು ಸಿಕ್ಕಿಕೊಂಡಿದೆಯೇ? ಹಿಂದೆ ನೀರು ಅಷ್ಟು ಎತ್ತರಕ್ಕೆ ಬಂದಿತ್ತೆಂದು ತಿಳಿಯಿರಿ. ಇನ್ನೊಂದು ವಿಷಯ: ತಂಪು ಗಾಳಿ ಬಿಸಿ ಗಾಳಿಗಿಂತ ಭಾರ. ಮೋಡವಿಲ್ಲದ ಚಳಿಗಾಲದ ರಾತ್ರಿ ಅದು ಇಳಿಜಾರಿನಲ್ಲಿ ಜಾರಿ ಬಂದು ತಗ್ಗಿನಲ್ಲಿ ಸೇರುತ್ತದೆ. ಹಾಗಾಗಿ ಹಳ್ಳದಲ್ಲಿ ಚಳಿಯೂ ಹೆಚ್ಚು.

ಗುಂಡುಕಲ್ಲಿನ ಮರೆ

ಗಾಳಿ ತಾಗುವುದಿಲ್ಲ, ನೆರಳಿದೆ. ಆದರೂ ಬೇಡ. ಮೇಲಿದ್ದ ಭಾರ ಇಳಿದುದರಿಂದಲೂ ಬಿಸಿಲು, ತಂಪು, ಮಳೆಗಳಿಂದಲೂ ಗ್ರಾನೈಟ್ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಸಡಿಲವಾದ ಪದರ ಎಂದು ಬೀಳುತ್ತದೆಂದು ಹೇಳಲಾಗದು. ಬೇಸಿಗೆಯಲ್ಲಾದರೆ ಹಗಲೆಲ್ಲ ಕಾದ ಬಂಡೆ ರಾತ್ರಿ ಬಹಳ ಹೊತ್ತು ಬಿಸಿಯನ್ನು ಹೊರಬಿಡುತ್ತದೆ.

ಅಲ್ಲದೆ, ಅದು ಬೇರೆಯವರ ಮನೆ! ನಮ್ಮ ಕಲ್ಲುಬೆಟ್ಟಗಳಲ್ಲಿ ಕರಡಿ, ಚಿರತೆಗಳಿವೆ. ಕರಡಿ ಹಗಲು ಬಂಡೆಗಳ ಸಂದಿನಲ್ಲಿ ಮಲಗಿ, ಸಂಜೆಯಾದ ಮೇಲೆ ಗೆದ್ದಲು, ಇರುವೆ, ಹಣ್ಣು, ಜೇನು ಹುಡುಕುತ್ತ ಹೊರಡುತ್ತದೆ. ಅದರ ಮೂಗು ಬಹಳ ಚುರುಕು. ನೀವು ಎಸೆದ ಬಾಳೆಹಣ್ಣಿನ ಸಿಪ್ಪೆ, ಬೆಲ್ಲದ ಕಾಗದವೂ ಅದನ್ನು ಕರೆಯುತ್ತವೆ. ಒಮ್ಮೆ ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿ ಮತ್ತೆ ಬರುತ್ತದೆ. ಆಗ ಹಳ್ಳಿಯ ಜನರಿಗೂ ಅಪಾಯ, ಕರಡಿಗೂ ಅಪಾಯ. ಅಮೆರಿಕದ ಅನೇಕ ಬೆಟ್ಟದ ಉದ್ಯಾನಗಳಲ್ಲಿ ಶಿಬಿರಕ್ಕೆ ಬಂದವರು ತಿಂಡಿಯನ್ನು ಡೇರೆಯಲ್ಲಿ ಇಡುವಂತಿಲ್ಲ. ಕರಡಿಗೆ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು. ನಾವೂ ಡೇರೆಯೊಳಗೆ ತಿನ್ನುವ ವಸ್ತು ಇಡಬಾರದು. ಕಸವನ್ನೆಲ್ಲ ಚೀಲದಲ್ಲಿ ಕಟ್ಟಿ ಊರಿಗೆ ಹಿಂದಕ್ಕೆ ತರಬೇಕು.

ಉಳಿದದ್ದು ಬಯಲು

ನಾಲ್ಕನೆಯದನ್ನು ಬರೆದವರಿಗೆ ಶಹಬ್ಬಾಸ್! ಅಲ್ಲಿ ನೀರು ನಿಲ್ಲುವುದಿಲ್ಲ, ಕಲ್ಲು ಬೀಳುವುದಿಲ್ಲ, ಗೂಟ ಇಳಿಯುತ್ತದೆ. ರಸ್ತೆಯೂ ಗಟ್ಟಿ ಕಟ್ಟಡವೂ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಹುತ್ತ, ಒಂಟಿ ಮರಗಳಿಂದ ದೂರವಿರಲಿ. ಬೆಳಿಗ್ಗೆ ಚಪ್ಪಲಿ, ಬೂಟುಗಳನ್ನು ಕೊಡವಿ ಹಾಕಿಕೊಳ್ಳಿ. ಚೇಳು ಇರಬಹುದು.

ಆದರೆ ಎಲ್ಲ ಬಯಲೂ ಡೇರೆಗಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಬಯಲು ಕೃಷ್ಣಮೃಗಗಳ ನೆಲೆ. 2007ರಲ್ಲಿ ಅದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಂಥ ಕಡೆ ನಾವು ನೋಡಿ ಬರುವ ಅತಿಥಿಗಳು ಮಾತ್ರ. ಅರಣ್ಯದ ಜಾಗದಲ್ಲಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ದೊಡ್ಡವರಿಲ್ಲದೆ ಹೋಗಲೇಬಾರದು.

ಬೆಂಕಿಯ ಬಗ್ಗೆಯೂ ಎಚ್ಚರ. ಬಿಸಿ ಗಾಳಿ ಮೇಲೇರಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸುವುದರಿಂದ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಬೇಗ ಹರಡುತ್ತದೆ. ಹುಲ್ಲು ಒಣಗಿರುವ ಬೇಸಿಗೆಯಲ್ಲಿ ಒಂದು ಕಿಡಿ ಇಡೀ ಬೆಟ್ಟವನ್ನು ಸುಡಬಲ್ಲದು.

ನೀವೇ ಮಾಡಿ ನೋಡಿ

ಒಂದು ಚಪ್ಪಡಿ ಕಲ್ಲನ್ನು ಓರೆಯಾಗಿ ನಿಲ್ಲಿಸಿ. ಅದರ ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಹುಲ್ಲುಸಹಿತ ಮಣ್ಣು ತುಂಬಿ ಅಷ್ಟೇ ಓರೆಯಾಗಿಡಿ. ಎರಡರ ಮೇಲೂ ಒಂದೊಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ಕೆಳಗೆ ಹರಿದು ಬಂದ ನೀರನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಹಿಡಿದು ಅಳೆಯಿರಿ. ಯಾವುದರಿಂದ ಹೆಚ್ಚು ಬಂತು? ಯಾವುದರಿಂದ ಬೇಗ ಬಂತು? ಬಳಿಕ ಗುರುಗಳೊಂದಿಗೆ ನಿಮ್ಮೂರಿನ ಹಳ್ಳಕ್ಕೆ ಹೋಗಿ, ಪೊದೆಗಳಲ್ಲಿ ಕಸಕಡ್ಡಿ ಎಷ್ಟು ಎತ್ತರದವರೆಗೆ ಸಿಕ್ಕಿಕೊಂಡಿದೆ ಎಂದು ಅಳೆದು ಬರೆದುಕೊಳ್ಳಿ.