ಎದುರಾಳಿಯ ಗ್ರಂಥವನ್ನೂ ಕಾಯ್ದ ಭಂಡಾರ

ಮಿಥ್ಯಾತ್ವದ ಬಗೆಗಳನ್ನು ಹೇಳುವಾಗ ಜೈನಾಚಾರ್ಯರು ಏಕಾಂತವನ್ನೂ ಎಣಿಸಿದ್ದಾರೆ. ವಸ್ತುವಿನ ಒಂದು ಮುಖವನ್ನಷ್ಟೇ ಕಂಡು, ಅದೇ ಸಮಗ್ರ ಸತ್ಯವೆಂದು ಹಟ ಹಿಡಿಯುವುದು ಏಕಾಂತ. ಮತ್ತೊಂದು ನಾಡನ್ನು, ಮತ್ತೊಂದು ಜನಾಂಗವನ್ನು ಅರಿಯುವ ಮೊದಲೇ ಅಳೆದುಬಿಡುವ ಪೂರ್ವಗ್ರಹವೂ ಅದರದೇ ರೂಪ. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಚ್ಚರಿಸುವ ಎಂಟು ಮದಗಳಲ್ಲಿ ಜ್ಞಾನಮದ, ಕುಲಮದ, ಜಾತಿಮದಗಳು ಸೇರಿವೆ. ನಮ್ಮದೇ ಶ್ರೇಷ್ಠವೆಂಬ ಭಾವಕ್ಕೆ ಈ ಮದಗಳೇ ಬೇರು.

ಜೈನಧರ್ಮವೂ ಒಮ್ಮೆ ಇಂತಹ ಅವಸರದ ತೀರ್ಮಾನಕ್ಕೆ ಗುರಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಹಲವು ವಿದ್ವಾಂಸರು ಅದನ್ನು ಬೌದ್ಧಧರ್ಮದ ಕವಲೆಂದೇ ಭಾವಿಸಿದ್ದರು. ಎರಡರ ಹೋಲಿಕೆಗಳು ಅವರ ಕಣ್ಣಿಗೆ ಬಿದ್ದಿದ್ದವು. ಜೈನ ಆಗಮಗಳ ಆಳವಾದ ಪರಿಚಯವಿರಲಿಲ್ಲ. ಈ ಅಭಿಪ್ರಾಯವನ್ನು ಅಲುಗಿಸಿದವರೂ ಯುರೋಪಿನವರೇ. ಜರ್ಮನಿಯ ತರುಣ ಪಂಡಿತ ಹರ್ಮನ್ ಯಾಕೋಬಿ 1873-74ರ ಸುಮಾರಿನಲ್ಲಿ ಹಿರಿಯ ವಿದ್ವಾಂಸ ಬ್ಯೂಲರ್ ಅವರೊಡನೆ ಹಸ್ತಪ್ರತಿಗಳನ್ನು ಅರಸುತ್ತ ರಾಜಸ್ಥಾನದಲ್ಲಿ ಸಂಚರಿಸಿದರು. 1879ರಲ್ಲಿ ‘ಕಲ್ಪಸೂತ್ರ’ವನ್ನು ಸಂಪಾದಿಸಿ, ಅದರ ಪೀಠಿಕೆಯಲ್ಲಿ ಜೈನಧರ್ಮದ ಸ್ವತಂತ್ರ ಅಸ್ತಿತ್ವವನ್ನು ಪ್ರತಿಪಾದಿಸಿದರು. ಅವರಿಗೆ ಒದಗಿದ ಪ್ರಬಲ ಸಾಕ್ಷ್ಯ ಬೌದ್ಧರ ಗ್ರಂಥಗಳಲ್ಲಿಯೇ ಇತ್ತು. ಪಾಲಿ ಸೂತ್ರಗಳು ‘ನಿಗಂಠ ನಾತಪುತ್ತ’ ಎಂದು ಕರೆಯುವುದು ಭಗವಾನ್ ಮಹಾವೀರರನ್ನು. ಬುದ್ಧನ ಕಾಲದಲ್ಲಿಯೇ ಬೇರೊಂದು ಸಂಘವನ್ನು ಮುನ್ನಡೆಸಿದ ಗುರುವೆಂದು ಅವು ಅವರನ್ನು ಗುರುತಿಸುತ್ತವೆ. ಪ್ರತಿಪಕ್ಷದವರ ನೆನಪೇ ಜೈನರ ಪ್ರಾಚೀನತೆಗೆ ಆಧಾರವಾಯಿತು.

ಈ ಋಣಕ್ಕೆ ಜೈನ ಪರಂಪರೆಯಲ್ಲಿಯೂ ಒಂದು ಪ್ರತಿಫಲವಿದೆ. ಎಂಟನೆಯ ಶತಮಾನದ ಬೌದ್ಧ ದಾರ್ಶನಿಕ ಶಾಂತರಕ್ಷಿತನ ‘ತತ್ತ್ವಸಂಗ್ರಹ’ ಟಿಬೆಟಿನ ಭಾಷೆಗೆ ಅನುವಾದಗೊಂಡು ಅಲ್ಲಿ ಬಾಳಿತು. ಅದರ ಸಂಸ್ಕೃತ ಮೂಲ ಉಳಿದುಬಂದದ್ದು ಜೈಸಲ್ಮೇರ್ ಮತ್ತು ಪಾಟಣದ ಜೈನ ಗ್ರಂಥಭಂಡಾರಗಳಲ್ಲಿ. 1926ರಲ್ಲಿ ಬರೋಡೆಯಿಂದ ಅದು ಅಚ್ಚಾಗಿ ಹೊರಬಂತು. ಆ ಕೃತಿಯ ಒಂದು ಅಧ್ಯಾಯ ‘ಸ್ಯಾದ್ವಾದಪರೀಕ್ಷಾ’. ಜೈನ ದರ್ಶನದ ಜೀವಾಳವಾದ ಸ್ಯಾದ್ವಾದದ ಖಂಡನೆಯೇ ಅದರ ವಿಷಯ. ತಮ್ಮ ಸಿದ್ಧಾಂತವನ್ನು ಅಲ್ಲಗಳೆಯುವ ಆ ಗ್ರಂಥವನ್ನು ಜೈನರು ಹುಳು ಹಿಡಿಯಲು ಬಿಡಲಿಲ್ಲ, ಬೆಂಕಿಗೆ ಹಾಕಲಿಲ್ಲ. ತಲೆಮಾರುಗಳ ಕಾಲ ಜತನದಿಂದ ಕಾಪಾಡಿದರು.

ಅದು ಬರಿಯ ಔದಾರ್ಯವಲ್ಲ. ಪೂರ್ವಪಕ್ಷವನ್ನು ಸರಿಯಾಗಿ ಅರಿಯದವನು ಸಿದ್ಧಾಂತವನ್ನು ಸ್ಥಾಪಿಸಲಾರನೆಂಬ ವಿವೇಕವೂ ಅದರಲ್ಲಿತ್ತು. ಆಚಾರ್ಯ ಹರಿಭದ್ರಸೂರಿಗಳು ಬೌದ್ಧರ ತರ್ಕಗ್ರಂಥವಾದ ‘ನ್ಯಾಯಪ್ರವೇಶ’ಕ್ಕೆ ವೃತ್ತಿಯನ್ನೇ ರಚಿಸಿದರು. ಅನ್ಯರ ಶಾಸ್ತ್ರವನ್ನು ಅಷ್ಟು ಶ್ರದ್ಧೆಯಿಂದ ಓದಿದ್ದರಿಂದ ಅವರ ಸಮ್ಯಕ್ ಶ್ರದ್ಧೆ ಕುಂದಲಿಲ್ಲ. ಅವರ ಬುದ್ಧಿ ಹರಿತವಾಯಿತು.

ಅನೇಕಾಂತವೆಂದರೆ ಎಲ್ಲ ಮಾತಿಗೂ ತಲೆಯಾಡಿಸುವುದಲ್ಲ. ಕೇಳಿ, ಪರೀಕ್ಷಿಸಿ, ಯಾವ ದೃಷ್ಟಿಯಿಂದ ಎಷ್ಟು ಸತ್ಯವೆಂದು ವಿವೇಚಿಸುವುದು. ಕೇಳದೆ ತಳ್ಳಿಹಾಕುವವನಿಗೂ, ಕೇಳದೆ ಒಪ್ಪುವವನಿಗೂ ಆ ಪರೀಕ್ಷೆಯ ಲಾಭವಿಲ್ಲ. ಪರನಾಡಿನ ಜ್ಞಾನ, ಪರಧರ್ಮೀಯರ ಬಾಳ್ವೆಯ ರೀತಿ ಎದುರಾದಾಗ ಮನಸ್ಸಿನಲ್ಲಿ ಮೊದಲು ಏಳುವುದು ಮದವೋ ಜಿಜ್ಞಾಸೆಯೋ ಎಂದು ಶ್ರಾವಕನು ತನ್ನನ್ನೇ ಕೇಳಿಕೊಳ್ಳಬೇಕು. ಹಿರಿಯರು ಭಂಡಾರದಲ್ಲಿ ಎದುರಾಳಿಯ ಓಲೆಗರಿಗೂ ಜಾಗ ಕೊಟ್ಟಿದ್ದರು. ಅಷ್ಟು ಜಾಗ ನಮ್ಮ ಮನಸ್ಸಿನಲ್ಲಿಯೂ ಇರಲಿ.